ಉರಿಬಿಸಿಲಲ್ಲಿ ಪುಟ್ಟ ಟ್ರೇಲರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಸಣ್ಣ ಕ್ಯಾಂಪಿಂಗ್ ಟ್ರೇಲರ್ ಬೇಸಿಗೆಯ ಮಧ್ಯಾಹ್ನ ಕೂರಲಾಗದಷ್ಟು ಕಾಯುತ್ತದೆ ಎಂಬ ದೂರು ಈ ಬಾರಿಯ ಬಹುತೇಕ ಪತ್ರಗಳಲ್ಲಿದೆ. ಒಂದಕ್ಕೊಂದು ಹತ್ತಿರವಿರುವ ಪ್ರಶ್ನೆಗಳನ್ನು ಒಟ್ಟುಮಾಡಿ ಉತ್ತರಿಸಿದ್ದೇವೆ. ಲೆಕ್ಕ ಬಂದ ಕಡೆಯೆಲ್ಲ 4 ಮೀಟರ್ ಉದ್ದ, 2 ಮೀಟರ್ ಅಗಲ, ಒಳಗೆ 1.9 ಮೀಟರ್ ಎತ್ತರದ ಟ್ರೇಲರ್ ಎಂದು ಇಟ್ಟುಕೊಂಡಿದ್ದೇವೆ. ನಿಮ್ಮದು ಚಿಕ್ಕದಾಗಿದ್ದರೆ ಅದೇ ಪ್ರಮಾಣದಲ್ಲಿ ಇಳಿಸಿಕೊಳ್ಳಿ.

ಪ್ರಶ್ನೆ: ಹೊರಗೆ ನೆರಳಲ್ಲಿ 36 ಡಿಗ್ರಿ ಇದ್ದರೆ ನಮ್ಮ ಟ್ರೇಲರ್ ಒಳಗೆ 46 ತೋರಿಸುತ್ತದೆ. ಎಸಿ ಹಾಕಿಸೋಣವೇ, ಇನ್ಸುಲೇಷನ್ (ಕಾವು ತಡೆಯುವ ಒಳಪದರ) ಮಾಡಿಸೋಣವೇ, ಚಾವಣಿಗೆ ಫ್ಯಾನ್ ಕೂರಿಸಿದರೆ ಸಾಕೇ? ಮೂರಕ್ಕೂ ಒಟ್ಟಿಗೆ ಖರ್ಚು ಮಾಡುವ ಶಕ್ತಿ ಇಲ್ಲ.

ಉತ್ತರ: ಮೂರಕ್ಕಿಂತ ಮೊದಲು ನೆರಳು. ಮೋಡವಿಲ್ಲದ ನಡುಮಧ್ಯಾಹ್ನ ಸಮತಟ್ಟಾದ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 1000 ವ್ಯಾಟ್. ನಿಮ್ಮ ಚಾವಣಿ 8 ಚದರ ಮೀಟರ್. ಅಂದರೆ ತಲೆಯ ಮೇಲೆ 8 ಕಿಲೋವ್ಯಾಟ್ ಸುರಿಯುತ್ತಿದೆ. ಇದರಲ್ಲಿ ಒಂದಷ್ಟು ಪ್ರತಿಫಲಿಸಿ ಹೋಗುತ್ತದೆ, ಇನ್ನೊಂದಷ್ಟನ್ನು ಗಾಳಿ ಒಯ್ಯುತ್ತದೆ, ಉಳಿದದ್ದು ಒಳಗಿಳಿಯುತ್ತದೆ. ಸಣ್ಣ ಟ್ರೇಲರ್‌ಗೆ ಹಾಕುವ ಎಸಿ ಒಳಗಿನಿಂದ ಎತ್ತಿ ಹೊರಗೆ ಹಾಕುವುದು ಸುಮಾರು ಒಂದೂವರೆ ಕಿಲೋವ್ಯಾಟ್. ಹೊರಗೇ ತಡೆಯಬಹುದಾದ ಕಾವನ್ನು ಒಳಗೆ ಬಿಟ್ಟುಕೊಂಡು ಆಮೇಲೆ ಯಂತ್ರ ಹಚ್ಚಿ ಹೊರಹಾಕುವುದು ಎರಡು ಪಟ್ಟು ಖರ್ಚಿನ ದಾರಿ.

ಹಾಗಾಗಿ ನಾವು ಹೇಳುವ ಕ್ರಮ ಇದು: ಚಾವಣಿಗೆ ನೆರಳು ಅಥವಾ ಬಿಳಿ ಬಣ್ಣ, ಕಿಟಕಿಗಳಿಗೆ ಹೊರಗಿನಿಂದ ಮರೆ, ಆಮೇಲೆ ಚಾವಣಿಯ ಎಕ್ಸಾಸ್ಟ್ ಫ್ಯಾನ್, ಆಮೇಲೆ ಇನ್ಸುಲೇಷನ್, ಕೊನೆಗೆ ಎಸಿ. ಮೊದಲ ಮೂರು ಸರಿಯಾಗಿ ಆದರೆ ಒಳಗಿನ ಉಷ್ಣತೆ ಹೊರಗಿನದಕ್ಕಿಂತ ಎರಡು ಮೂರು ಡಿಗ್ರಿ ಮಾತ್ರ ಹೆಚ್ಚಿರುವಂತೆ ಹಿಡಿದಿಡಬಹುದು. ಹೊರಗಿನದಕ್ಕಿಂತ ಕಡಿಮೆ ಬೇಕೆಂದರೆ ಮಾತ್ರ ಯಂತ್ರದ ಮಾತು.

ಒಂದು ಸುಲಭ ಪರೀಕ್ಷೆ: ಮಧ್ಯಾಹ್ನ 2 ಗಂಟೆಗೆ ಒಳಗಿನ ಚಾವಣಿಗೆ ಅಂಗೈ ಇಟ್ಟು ನೋಡಿ. ಗೋಡೆಗಿಂತ ಅದು ಬಿಸಿಯಾಗಿದ್ದರೆ ಗಾಳಿಯ ಉಷ್ಣತೆ ಎಷ್ಟೇ ಇಳಿದರೂ ನಿಮಗೆ ಸೆಕೆ ತಪ್ಪದು. ಬಿಸಿಯಾದ ಚಾವಣಿಯ ಝಳ ನೇರವಾಗಿ ತಲೆ, ಹೆಗಲ ಮೇಲೆ ಬೀಳುತ್ತದೆ. ಥರ್ಮಾಮೀಟರ್ 34 ತೋರಿಸುತ್ತಿದ್ದರೂ 'ಬೇಯುತ್ತಿದೆ' ಅನ್ನಿಸುವುದು ಇದಕ್ಕೇ.

ಪ್ರಶ್ನೆ: ಬೆಳಿಗ್ಗೆ ಒಳ್ಳೆಯ ಮರದ ನೆರಳು ನೋಡಿ ನಿಲ್ಲಿಸುತ್ತೇವೆ. ಮಧ್ಯಾಹ್ನ ಬಂದು ನೋಡಿದರೆ ಪೂರ್ತಿ ಬಿಸಿಲು.

ಉತ್ತರ: ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಬೆಳಗಿನ ನೆರಳು ಮರದ ಪಶ್ಚಿಮಕ್ಕೆ, ಮಧ್ಯಾಹ್ನದ ನಂತರದ್ದು ಪೂರ್ವಕ್ಕೆ. ನಿಮಗೆ ಬೇಕಾದದ್ದು 1ರಿಂದ 5 ಗಂಟೆಯ ನೆರಳು. ಆದ್ದರಿಂದ ಮರದ ಪೂರ್ವ ಬದಿಯಲ್ಲಿ ನಿಲ್ಲಿಸಿ, ಬೆಳಿಗ್ಗೆ ಸ್ವಲ್ಪ ಬಿಸಿಲು ಬಿದ್ದರೂ ಪರವಾಗಿಲ್ಲ. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದಾಗ 8 ಮೀಟರ್ ಎತ್ತರದ ಮರದ ತುದಿಯ ನೆರಳು ಬುಡದಿಂದ 8 ಮೀಟರ್ ದೂರಕ್ಕೆ ಬೀಳುತ್ತದೆ. ಇಷ್ಟು ಗೊತ್ತಿದ್ದರೆ ಎಲ್ಲಿ ನಿಲ್ಲಿಸಬೇಕೆಂದು ಹೆಜ್ಜೆ ಹಾಕಿ ಅಳೆಯಬಹುದು. ಮೊಬೈಲಿನ ದಿಕ್ಸೂಚಿ ಸಾಕು.

ಮರ ಇಲ್ಲದ ಬಯಲಾದರೆ ಟ್ರೇಲರ್‌ನ ಗಿಡ್ಡ ಬದಿಯನ್ನು, ಅಂದರೆ ಮುಂಭಾಗ ಅಥವಾ ಹಿಂಭಾಗವನ್ನು, ಪಶ್ಚಿಮಕ್ಕೆ ತಿರುಗಿಸಿ. ಇಳಿಹೊತ್ತಿನ ಓರೆ ಬಿಸಿಲು ನೇರವಾಗಿ ಗೋಡೆಗೇ ಹೊಡೆಯುತ್ತದೆ. ಉದ್ದನೆಯ ಬದಿ ಸಿಕ್ಕರೆ ಏಳೂವರೆ ಚದರ ಮೀಟರ್ ಗೋಡೆ ಕಾಯುತ್ತದೆ, ಗಿಡ್ಡ ಬದಿಯಾದರೆ ಅದರ ಅರ್ಧ. ಡಾಂಬರು, ಕಾಂಕ್ರೀಟಿಗಿಂತ ಹುಲ್ಲು ಅಥವಾ ಬರಿ ಮಣ್ಣು ಮೇಲು. ಒಣಕೊಂಬೆ ಇರುವ ಮರದ ಕೆಳಗೆ ಮಾತ್ರ ನಿಲ್ಲಿಸಬೇಡಿ, ನೆರಳು ಎಷ್ಟೇ ದಟ್ಟವಾಗಿರಲಿ.

ಪ್ರಶ್ನೆ: ಚಾವಣಿಯ ಮೇಲೆ ಟಾರ್ಪಾಲು ಹಾಸಿ ಹಗ್ಗದಿಂದ ಬಿಗಿದಿದ್ದೇವೆ. ಏನೂ ವ್ಯತ್ಯಾಸ ಕಾಣಲಿಲ್ಲ. ನೆರಳೇ ಮುಖ್ಯ ಎನ್ನುತ್ತೀರಿ, ಇದು ನೆರಳಲ್ಲವೇ?

ಉತ್ತರ: ಅಲ್ಲ. ಚಾವಣಿಗೆ ತಾಗಿಕೊಂಡ ಟಾರ್ಪಾಲು ತಾನು ಕಾದು ಆ ಕಾವನ್ನು ನೇರವಾಗಿ ಕೆಳಕ್ಕೆ ದಾಟಿಸುತ್ತದೆ. ನೀಲಿ ಅಥವಾ ಕಪ್ಪು ಬಣ್ಣದ್ದಾದರೆ ಬಿಳಿ ಚಾವಣಿಯನ್ನು ಮುಚ್ಚಿ ನಷ್ಟವೇ ಮಾಡಿಕೊಂಡ ಹಾಗೆ. ಅದರ ಮೇಲೆ, ಗಾಳಿಗೆ ಉಜ್ಜಿ ಉಜ್ಜಿ ಪೇಂಟು ಎಬ್ಬಿಸುತ್ತದೆ.

ಟಾರ್ಪಾಲಿಗೂ ಚಾವಣಿಗೂ ನಡುವೆ 15ರಿಂದ 20 ಸೆಂಟಿಮೀಟರ್ ಸಂದು ಬೇಕು, ಆ ಸಂದಿನ ಎರಡು ತುದಿಯೂ ತೆರೆದಿರಬೇಕು. ಆಗ ಬಟ್ಟೆ ಕಾದರೂ ಕೆಳಗಿನ ಗಾಳಿ ಆ ಕಾವನ್ನು ಹೊತ್ತೊಯ್ಯುತ್ತದೆ. ಮಾಡುವ ರೀತಿ ಹೀಗೆ:

ನಮ್ಮ ಅಳತೆಯ ಟ್ರೇಲರ್‌ಗೆ 5 ಮೀಟರ್ ಉದ್ದ, 3 ಮೀಟರ್ ಅಗಲದ ಬಟ್ಟೆ ತೆಗೆದುಕೊಳ್ಳಿ. ನಾಲ್ಕೂ ಕಡೆ ಅರ್ಧ ಅರ್ಧ ಮೀಟರ್ ಚಾಚಿಕೊಂಡರೆ ಗೋಡೆಯ ಮೇಲ್ಭಾಗಕ್ಕೂ ನೆರಳಾಗುತ್ತದೆ. ಬೆಳ್ಳಿ ಬಣ್ಣದ ಅಥವಾ ಬಿಳಿ ಟಾರ್ಪಾಲು ಆಗಬಹುದು. ಶೇಕಡ 80–90 ನೆರಳು ಕೊಡುವ ಹೆಣೆದ ಶೇಡ್ ನೆಟ್ ಇನ್ನೂ ಒಳ್ಳೆಯದು, ಏಕೆಂದರೆ ಗಾಳಿ ಅದರ ಮೂಲಕ ಹಾಯುತ್ತದೆ, ಪಟಪಟ ಬಡಿಯುವುದಿಲ್ಲ. 25 ಮಿ.ಮೀ. ಪಿವಿಸಿ ಪೈಪುಗಳನ್ನು ಚಾವಣಿಗೆ ಅಡ್ಡಲಾಗಿ ಬಿಲ್ಲಿನಂತೆ ಬಾಗಿಸಿ ಮೂರು ಕಡೆ ಕೂರಿಸಿ. ಪೈಪು ತಾಗುವ ಜಾಗದಲ್ಲಿ ನೀರಿನ ಪೈಪಿಗೆ ಸುತ್ತುವ ಫೋಮ್ ತೋಳು ಹಾಕಿ. ಮೂಲೆಗಳನ್ನು ಟ್ರೇಲರ್‌ಗೆ ಕಟ್ಟುವ ಬದಲು ನೆಲದ ಗೂಟಕ್ಕೆ ಓರೆಯಾಗಿ ಎಳೆದು ಕಟ್ಟಿ. ಒಂದು ಬದಿಯನ್ನು ಹತ್ತು ಸೆಂಟಿಮೀಟರ್ ತಗ್ಗಿಸಿದರೆ ದಿಢೀರ್ ಮಳೆ ಬಂದಾಗ ನೀರು ತುಂಬಿ ಜೋತು ಬೀಳದು.

ಎರಡು ಎಚ್ಚರಿಕೆ. ಚಾವಣಿಯ ಎಕ್ಸಾಸ್ಟ್ ಕಿಂಡಿಯ ಮೇಲೆ ಕನಿಷ್ಠ 30 ಸೆಂಟಿಮೀಟರ್ ತೆರವು ಬಿಡಿ, ಇಲ್ಲವೇ ಅಲ್ಲಿ ಬಟ್ಟೆಯನ್ನೇ ಕತ್ತರಿಸಿ. ಚಾವಣಿಯ ಮೇಲೆ ಎಸಿ ಇದ್ದರೆ ಅದನ್ನು ಮುಚ್ಚಲೇಬಾರದು. ಅದು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಂಡು ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತದೆ. ಊರು ಸುತ್ತಲು ಹೊರಡುವಾಗ ನೆರಳಿನ ಬಟ್ಟೆಯನ್ನು ಬಿಚ್ಚಿಡಿ. 15 ಚದರ ಮೀಟರ್ ಬಟ್ಟೆ ಬಿರುಗಾಳಿಗೆ ಸಿಕ್ಕರೆ ಗೂಟಗಳೂ ಪೈಪುಗಳೂ ಪಕ್ಕದವರ ಗಾಜಿನ ಮೇಲೆ ಹೋಗಿ ಬೀಳುತ್ತವೆ.

ಪ್ರಶ್ನೆ: ನಮ್ಮದು ಬಣ್ಣ ಬಳಿಯದ, ಹೊಳೆಯುವ ಅಲ್ಯುಮಿನಿಯಂ ಚಾವಣಿ. ಕನ್ನಡಿಯ ಹಾಗೆ ಬೆಳಕು ಹಿಂದಕ್ಕೆ ಎಸೆಯುತ್ತದೆ. ಆದರೂ ಮುಟ್ಟಿದರೆ ಕೈ ಸುಡುತ್ತದೆ. ಬಿಳಿ ಬಳಿದರೆ ನಿಜವಾಗಿಯೂ ತಂಪಾಗುವುದೇ?

ಉತ್ತರ: ಆಗುತ್ತದೆ. ಲೋಹ ಬಿಸಿಲನ್ನು ಚೆನ್ನಾಗಿ ಪ್ರತಿಫಲಿಸುತ್ತದೆ, ನಿಜ. ಆದರೆ ಹೀರಿದ ಅಲ್ಪಸ್ವಲ್ಪ ಕಾವನ್ನು ಆಕಾಶದ ಕಡೆಗೆ ಸೂಸುವುದರಲ್ಲಿ ಅದು ಜಿಪುಣ. ಬಿಳಿ ಪೇಂಟು ಎರಡೂ ಕೆಲಸ ಮಾಡುತ್ತದೆ: ಹೊಸದಿದ್ದಾಗ ಬಿಸಿಲಿನ ಸುಮಾರು ಶೇಕಡ 80ನ್ನು ಹಿಂದಕ್ಕೆ ಕಳಿಸುತ್ತದೆ, ಉಳಿದ ಕಾವನ್ನೂ ಧಾರಾಳವಾಗಿ ಸೂಸಿಬಿಡುತ್ತದೆ. ಕಡುಬಣ್ಣದ ಚಾವಣಿ ಬಿಸಿಲಿನ ಶೇಕಡ 90ರಷ್ಟನ್ನು ಹೀರಿ 70 ಡಿಗ್ರಿ ದಾಟುವ ಹೊತ್ತಿನಲ್ಲಿ ಒಳ್ಳೆಯ ಬಿಳಿ ಚಾವಣಿಯ ಮೇಲೆ ಅಂಗೈ ಇಟ್ಟುಕೊಂಡೇ ಇರಬಹುದು.

ಸಾಮಾನ್ಯ ಎಣ್ಣೆ ಪೇಂಟು ಬೇಡ. ರಬ್ಬರಿನಂತೆ ಹಿಗ್ಗುವ ಬಿಳಿ ಅಕ್ರಿಲಿಕ್ ರೂಫ್ ಕೋಟಿಂಗ್ ತನ್ನಿ. ಒಂದು ಚದರ ಮೀಟರ್‌ಗೆ ಒಂದು ಪದರಕ್ಕೆ ಸುಮಾರು 0.4 ಲೀಟರ್ ಹಿಡಿಯುತ್ತದೆ, 8 ಚದರ ಮೀಟರ್‌ಗೆ ಎರಡು ಪದರಕ್ಕೆ ಆರೂವರೆ ಲೀಟರ್. ಮೊದಲು ಸೋಪುನೀರಿನಲ್ಲಿ ತೊಳೆದು, ಕೀಲುಗಳಲ್ಲಿ ಬಿರಿದ ಹಳೆಯ ಸೀಲೆಂಟ್ ಕೆತ್ತಿ ತೆಗೆದು ಹೊಸದು ತುಂಬಿ. ಲೋಹಕ್ಕೆ ಮತ್ತು ಕಪ್ಪು ರಬ್ಬರ್ ಹಾಳೆಯ ಚಾವಣಿಗೆ ಅದರದರ ಪ್ರೈಮರ್ ಬೇಕೇಬೇಕು. ಅದನ್ನು ಬಿಟ್ಟರೆ ಮುಂದಿನ ಬೇಸಿಗೆಗೆ ಸಿಪ್ಪೆಯೇಳುತ್ತದೆ. ಮೊದಲ ಪದರ ಉದ್ದಕ್ಕೆ, ಪೂರ್ತಿ ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ನಡುಮಧ್ಯಾಹ್ನ ಬಳಿಯಬೇಡಿ, ಮೇಲ್ಪದರ ಬೇಗ ಒಣಗಿ ಒಳಗೆ ಗುಳ್ಳೆ ಉಳಿಯುತ್ತದೆ. ಇಬ್ಬನಿ ಬೀಳುವ ಸಂಜೆಯೂ ಬೇಡ. ಹಳೆಯ ಸಿಲಿಕೋನ್ ಸೀಲೆಂಟ್ ಇರುವ ಜಾಗದಲ್ಲಿ ಅಕ್ರಿಲಿಕ್ ಕಚ್ಚುವುದಿಲ್ಲ. ನೀರು ನಿಲ್ಲುವ ತಗ್ಗಿನಲ್ಲಿ ಬಾಳಿಕೆ ಬರುವುದಿಲ್ಲ.

ಬಳಿದ ಮೇಲೆ ಮರೆತುಬಿಡಬೇಡಿ. ಧೂಳು ಕೂತ ಬಿಳಿ ಬಿಳಿಯಲ್ಲ. ಬೇಸಿಗೆ ಶುರುವಿನಲ್ಲೊಮ್ಮೆ, ನಡುವೆ ಒಂದೆರಡು ಸಲ ತೊಳೆಯಿರಿ.

ಪ್ರಶ್ನೆ: ಕಿಟಕಿಗೆ ಒಳಗಿನಿಂದ ದಪ್ಪ ಪರದೆ ಹಾಕಿದ್ದೇವೆ. ಕತ್ತಲಾಯಿತೇ ಹೊರತು ತಂಪಾಗಲಿಲ್ಲ.

ಉತ್ತರ: ಬಿಸಿಲು ಗಾಜು ದಾಟಿ ಪರದೆಗೆ ಬಡಿದ ಮೇಲೆ ಕಾವು ಒಳಗೇ ಇದೆ ಎಂದಾಯಿತು. ಪರದೆ ಕಾಯುತ್ತದೆ, ಪರದೆಯಿಂದ ಕೋಣೆ ಕಾಯುತ್ತದೆ. ಬಿಸಿಲು ನೇರವಾಗಿ ಬೀಳುವ ಅರ್ಧ ಚದರ ಮೀಟರ್‌ನ ಒಂದೇ ಕಿಟಕಿಯಿಂದ 300–400 ವ್ಯಾಟ್ ಒಳಬರುತ್ತದೆ. ಅಂಥ ಎರಡು ಕಿಟಕಿ ಎಂದರೆ ಒಂದು ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟ ಹಾಗೆ. ಅದೇ ಮರೆಯನ್ನು ಗಾಜಿನ ಹೊರಗೆ ಹಾಕಿದರೆ ಬಹುಪಾಲು ಕಾವು ಹೊರಗೇ ಉಳಿಯುತ್ತದೆ.

ಶೇಡ್ ನೆಟ್ಟನ್ನು ಕಿಟಕಿಗಿಂತ ನಾಲ್ಕೂ ಕಡೆ 10 ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ ಅಂಚು ಹೊಲಿಸಿ, ಒತ್ತುಗುಂಡಿ ಅಥವಾ ಹೀರುಬಟ್ಟಲಿನಿಂದ (ಸಕ್ಷನ್ ಕಪ್) ಹೊರಗೆ ಸಿಕ್ಕಿಸಿ. ಕಿಟಕಿ ತೆರೆದಿದ್ದರೂ ಗಾಳಿ ಬರುತ್ತದೆ. ಮೇಲಕ್ಕೆ ತೆರೆದುಕೊಳ್ಳುವ ಕಿಟಕಿಯಾದರೆ ನೆಟ್ಟನ್ನು ಕೆಳಕ್ಕೆ ಇಳಿಬಿಟ್ಟು ನೆಲದ ಕಡೆಗೆ ಓರೆಯಾಗಿ ಎಳೆದು ಕಟ್ಟಿ. ಓಡುವಾಗ ಎಲ್ಲವನ್ನೂ ತೆಗೆದಿಡಬೇಕು.

ಟ್ರೇಲರ್ ಕಿಟಕಿ ಹಲವು ಸಲ ಗಾಜಲ್ಲ, ಅಕ್ರಿಲಿಕ್. ಅದಕ್ಕೆ ಕಾರಿನ ಸನ್ ಫಿಲ್ಮ್ ಅಂಟಿಸಬೇಡಿ, ಬೆಳ್ಳಿ ಹಾಳೆಯನ್ನು ಒಳಗಿನಿಂದ ಒತ್ತಿ ಇಡಬೇಡಿ. ನಡುವೆ ಕಾವು ಸಿಕ್ಕಿಕೊಂಡು ಅಕ್ರಿಲಿಕ್ ಬಾಗಬಹುದು, ಕೂದಲೆಳೆಯಂಥ ಬಿರುಕು ಮೂಡಬಹುದು.

ಪ್ರಶ್ನೆ: ಚಾವಣಿಯ 12 ವೋಲ್ಟ್ ಎಕ್ಸಾಸ್ಟ್ ಫ್ಯಾನ್ ಜೋರಾಗಿ ಓಡುತ್ತದೆ, ಶಬ್ದವೂ ಜೋರು. ಕೆಳಗೆ ಹಾಸಿಗೆಯಲ್ಲಿ ಮಾತ್ರ ಗಾಳಿಯ ಸುಳಿವಿಲ್ಲ. ಎಲ್ಲ ಕಿಟಕಿಗಳನ್ನೂ ತೆರೆದೇ ಇಟ್ಟಿರುತ್ತೇವೆ.

ಉತ್ತರ: ತೊಂದರೆ ಇರುವುದು ನಿಮ್ಮ ಕೊನೆಯ ವಾಕ್ಯದಲ್ಲೇ. ಎಲ್ಲ ಕಿಟಕಿ ತೆರೆದರೆ ಫ್ಯಾನ್ ತನಗೆ ಹತ್ತಿರದ ಕಿಟಕಿಯಿಂದ ಗಾಳಿ ಎಳೆದು ಅಲ್ಲೇ ಮೇಲಕ್ಕೆ ಕಳಿಸುತ್ತದೆ. ದೂರದ ಹಾಸಿಗೆಯ ಕಡೆ ಗಾಳಿ ಅಲುಗುವುದೇ ಇಲ್ಲ. ಫ್ಯಾನಿಗೆ ಅತಿ ದೂರದ, ನೆರಳಿನ ಬದಿಯ ಒಂದು ಕಿಟಕಿ ಮಾತ್ರ ತೆರೆದು ಉಳಿದದ್ದನ್ನು ಮುಚ್ಚಿ. ಗಾಳಿ ಇಡೀ ಒಳಭಾಗವನ್ನು ಹಾದು ಬರಬೇಕು. ಹಾಸಿಗೆಯ ಪಕ್ಕದ ಕಿಟಕಿಯನ್ನೇ ಆರಿಸಿಕೊಂಡರೆ ರಾತ್ರಿ ಮೈಮೇಲೆ ಗಾಳಿ ಸುಳಿಯುತ್ತದೆ.

ತೆರೆದ ಕಿಟಕಿಯ ಸಂದು ಫ್ಯಾನಿನ ಕಿಂಡಿಗಿಂತ ಕಿರಿದಾಗಬಾರದು. ಕಿಂಡಿ ಸಾಮಾನ್ಯವಾಗಿ 35 ಸೆಂಟಿಮೀಟರ್ ಚೌಕ, ಅಂದರೆ 0.12 ಚದರ ಮೀಟರ್. ಕಿಟಕಿಯನ್ನು ಎರಡು ಬೆರಳಷ್ಟು ತೆರೆದು ಫ್ಯಾನನ್ನು ಪೂರ್ತಿ ವೇಗಕ್ಕೆ ಹಾಕಿದರೆ ಸದ್ದು ಮಾತ್ರ ಸಿಗುತ್ತದೆ. ಸೊಳ್ಳೆ ಜಾಲರಿಯಲ್ಲಿ ಧೂಳು ತುಂಬಿದೆಯೇ ನೋಡಿ. ಹೆಚ್ಚಿನ 'ಫ್ಯಾನ್ ಎಳೆಯುತ್ತಿಲ್ಲ' ದೂರುಗಳ ಮೂಲ ಅಲ್ಲಿರುತ್ತದೆ. ಜಾಲರಿ ಬಿಚ್ಚಿ ಸೋಪುನೀರಿನಲ್ಲಿ ತೊಳೆದರೆ ಸಾಕು.

ಎಷ್ಟು ವೇಗ ಬೇಕೆನ್ನುವುದಕ್ಕೂ ಲೆಕ್ಕವಿದೆ. ನಿಮಿಷಕ್ಕೆ ಒಂದು ಘನ ಮೀಟರ್ ಗಾಳಿ ಒಂದು ಡಿಗ್ರಿ ಬಿಸಿಯಾಗಿ ಹೊರಹೋದರೆ ಸುಮಾರು 20 ವ್ಯಾಟ್ ಕಾವು ಒಯ್ಯುತ್ತದೆ. ಒಳಗೆ 1000 ವ್ಯಾಟ್ ಬರುತ್ತಿದ್ದು, ಫ್ಯಾನ್ ನಿಮಿಷಕ್ಕೆ 10 ಘನ ಮೀಟರ್ ಎಳೆದರೆ ಒಳಗಿನ ಗಾಳಿ ಹೊರಗಿನದಕ್ಕಿಂತ 5 ಡಿಗ್ರಿ ಹೆಚ್ಚಿರುತ್ತದೆ. ನೆರಳು ಮಾಡಿ ಒಳಬರುವುದನ್ನು 400ಕ್ಕೆ ಇಳಿಸಿದರೆ ಅದೇ ಫ್ಯಾನ್, ಅದೇ ವೇಗ, ವ್ಯತ್ಯಾಸ ಎರಡೇ ಡಿಗ್ರಿ. ಒಳ್ಳೆಯ ಫ್ಯಾನುಗಳು ಪೂರ್ತಿ ವೇಗದಲ್ಲಿ ಇದರ ಎರಡು ಪಟ್ಟು ಎಳೆಯುತ್ತವೆ, ಎರಡು ಮೂರು ಆಂಪಿಯರ್ ತಿನ್ನುತ್ತವೆ. ರಾತ್ರಿಗೆ ಕಡಿಮೆ ವೇಗ ಸಾಕು, ಅರ್ಧ ಆಂಪಿಯರ್ ಒಳಗೇ ಮುಗಿಯುತ್ತದೆ.

ಯಾವ ಕಿಟಕಿಯನ್ನೂ ತೆರೆಯದೆ ಈ ಫ್ಯಾನ್ ಹಾಕುವುದು ಅಪಾಯ. ಗ್ಯಾಸ್ ಫ್ರಿಜ್, ಗ್ಯಾಸ್ ಗೀಸರ್ ಇದ್ದರೆ ಅವುಗಳ ಹೊಗೆಯನ್ನೇ ಹಿಂದಕ್ಕೆ ಒಳಗೆಳೆಯಬಹುದು. ಮೊದಲು ಕಿಟಕಿ, ಆಮೇಲೆ ಸ್ವಿಚ್ಚು.

ಪ್ರಶ್ನೆ: ಚಾವಣಿಯ ತಗಡಿಗೂ ಒಳಗಿನ ಪ್ಲೈವುಡ್ಡಿಗೂ ನಡುವೆ ಗುಳ್ಳೆಗಳಿರುವ ಬೆಳ್ಳಿ ಹಾಳೆ ಅಂಟಿಸಿದೆವು. 'ಶೇಕಡ 95 ಶಾಖ ತಡೆ' ಎಂದು ಪೊಟ್ಟಣದ ಮೇಲಿತ್ತು. ಪ್ರಯೋಜನ ಕಾಣಲಿಲ್ಲ.

ಉತ್ತರ: ಆ 95 ವಿಕಿರಣದ ಲೆಕ್ಕ. ಹೊಳೆಯುವ ಮುಖ ವಿಕಿರಣವನ್ನಷ್ಟೇ ತಡೆಯುತ್ತದೆ, ಅದೂ ಆ ಮುಖದ ಎದುರಿಗೆ ಗಾಳಿಯ ಸಂದು ಇದ್ದರೆ ಮಾತ್ರ. ತಗಡಿಗೆ ಒತ್ತಿ ಅಂಟಿಸಿ, ಕೆಳಗೆ ಪ್ಲೈವುಡ್ ಒತ್ತಿ ಮುಚ್ಚಿದರೆ ಕಾವು ಮುಟ್ಟಿ ಮುಟ್ಟಿಯೇ ಇಳಿಯುತ್ತದೆ. ಆಗ ಅದು ನಾಲ್ಕೈದು ಮಿಲಿಮೀಟರ್ ದಪ್ಪದ ಒಂದು ಪ್ಲಾಸ್ಟಿಕ್ ಹಾಳೆ, ಅಷ್ಟೇ.

ಅದನ್ನೇ ಬಳಸುವುದಾದರೆ ಹೊಳೆಯುವ ಮುಖ ಕೆಳಕ್ಕೆ ಇರಲಿ, ಅದರ ಕೆಳಗೆ 20–25 ಮಿ.ಮೀ. ಖಾಲಿ ಸಂದು ಇರಲಿ. ಮೇಲ್ಮುಖವಾಗಿಟ್ಟರೆ ಧೂಳು ಕೂತು ಹೊಳಪು ಸಾಯುತ್ತದೆ. ಮೇಲಿಂದ ಕೆಳಕ್ಕೆ ಬರುವ ಕಾವಿನಲ್ಲಿ ವಿಕಿರಣದ ಪಾಲೇ ದೊಡ್ಡದು, ಬಿಸಿಗಾಳಿ ತಾನಾಗಿ ಕೆಳಗಿಳಿಯುವುದಿಲ್ಲ. ಹಾಗಾಗಿ ಈ ಜೋಡಣೆ ಚಾವಣಿಯಲ್ಲಿ ಫಲ ಕೊಡುತ್ತದೆ, ಗೋಡೆಯಲ್ಲಿ ಅಷ್ಟಿಲ್ಲ.

ಸಂದು ಇಡೀ 25 ಮಿ.ಮೀ. ಮಾತ್ರ ಇದ್ದರೆ ಹಾಳೆ ಬಿಟ್ಟು ಗಟ್ಟಿ ಫೋಮ್ ಹಲಗೆ ತುಂಬುವುದು ಲೇಸು. ಒತ್ತಿ ತಯಾರಿಸಿದ ಎಕ್ಸ್‌ಪಿಎಸ್ ಫೋಮ್ ನೀರು ಕುಡಿಯುವುದಿಲ್ಲ, ದಾರಿಯ ಕುಲುಕಾಟಕ್ಕೆ ಪುಡಿಯಾಗುವುದಿಲ್ಲ. ಥರ್ಮೋಕೋಲ್ ಕಾವು ತಡೆಯುವುದರಲ್ಲಿ ತೀರಾ ಹಿಂದಿಲ್ಲ, ಆದರೆ ಕಾಳುಕಾಳಾಗಿ ಉದುರಿ ಕಿರ್ ಕಿರ್ ಎನ್ನತೊಡಗುತ್ತದೆ. ತಗಡು 70 ಡಿಗ್ರಿ, ಒಳಗೆ 35 ಇದ್ದಾಗ 25 ಮಿ.ಮೀ. ಎಕ್ಸ್‌ಪಿಎಸ್ ದಾಟಿ 8 ಚದರ ಮೀಟರ್‌ನಿಂದ ಬರುವುದು ಸುಮಾರು 350 ವ್ಯಾಟ್.

ಕೆಲಸದಲ್ಲಿ ಕೆಡುವುದು ಮೂರು ಕಡೆ. ಒಂದು, ಅಂಟು: ಫರ್ನಿಚರ್‌ಗೆ ಬಳಸುವ ದ್ರಾವಕದ ಅಂಟು ಎಕ್ಸ್‌ಪಿಎಸ್ಸನ್ನೂ ಥರ್ಮೋಕೋಲನ್ನೂ ಕರಗಿಸಿ ಗುಂಡಿ ಮಾಡುತ್ತದೆ. ಪಾಲಿಯುರೆಥೇನ್ ಅಂಟು ಅಥವಾ ಫೋಮ್‌ಗೆಂದೇ ಇರುವ ಅಂಟು ತನ್ನಿ. ಎರಡು, ಲೋಹದ ಪಟ್ಟಿಗಳು: ಫೋಮ್ ಎಷ್ಟೇ ದಪ್ಪವಿದ್ದರೂ ನಡುವಿನ ಅಲ್ಯುಮಿನಿಯಂ ಪಟ್ಟಿಯ ಮೂಲಕ ಕಾವು ನುಗ್ಗುತ್ತದೆ, ಪಟ್ಟಿಯ ಕೆಳಮುಖಕ್ಕೆ 5 ಮಿ.ಮೀ. ಕಾರ್ಕ್ ಅಥವಾ ಫೋಮ್ ಟೇಪ್ ಹಚ್ಚಿ ಆಮೇಲೆ ಪ್ಲೈವುಡ್ ಹೊಡೆಯಿರಿ. ಮೂರು, ವೈರು: ಪಿವಿಸಿ ಹೊದಿಕೆಯ ವೈರು ಈ ಫೋಮ್‌ಗಳಿಗೆ ತಾಗಿಕೊಂಡಿದ್ದರೆ ಹೊದಿಕೆಯಲ್ಲಿನ ಮೆದುಗೊಳಿಸುವ ರಾಸಾಯನಿಕ ಫೋಮ್‌ಗೆ ಸರಿದು, ವರ್ಷಗಳಾದ ಮೇಲೆ ಹೊದಿಕೆ ಪೆಡಸಾಗಿ ಬಿರಿಯುತ್ತದೆ. ವೈರನ್ನು ಕೊಳವೆಯೊಳಗೆ ಹಾಯಿಸಿ.

ಪ್ರಶ್ನೆ: ಮನೆಯಲ್ಲಿ ಮಾಡುವಂತೆ ಬೆಳಿಗ್ಗೆಯೇ ಕಿಟಕಿ ಬಾಗಿಲು ಮುಚ್ಚಿ ರಾತ್ರಿಯ ತಂಪನ್ನು ಹಿಡಿದಿಟ್ಟರೆ?

ಉತ್ತರ: ಮಣ್ಣಿನ, ಕಲ್ಲಿನ ದಪ್ಪ ಗೋಡೆಗೆ ಆ ಉಪಾಯ. ಟ್ರೇಲರ್ ಗೋಡೆಗೆ ತಂಪು ಹಿಡಿದಿಡುವ ತೂಕವಿಲ್ಲ, ಮುಚ್ಚಿದ ಒಂದೆರಡು ಗಂಟೆಯಲ್ಲೇ ಹೊರಗಿನದನ್ನು ಮೀರಿ ಕಾಯುತ್ತದೆ. ಎಸಿ ಓಡುತ್ತಿದ್ದರೆ ಮುಚ್ಚಿ, ಇಲ್ಲದಿದ್ದರೆ ಹಗಲಿಡೀ ಗಾಳಿಯಾಡಲು ಬಿಡಿ. ಸಂಜೆ ಹೊರಗಿನ ಉಷ್ಣತೆ ಒಳಗಿನದಕ್ಕಿಂತ ಕೆಳಗಿಳಿದ ಕೂಡಲೇ ಮೇಲೆ ಹೇಳಿದಂತೆ ದೂರದ ಕಿಟಕಿ ತೆರೆದು ಫ್ಯಾನ್ ಪೂರ್ತಿ ವೇಗಕ್ಕೆ ಹಾಕಿ. ಕಪಾಟು, ಹಾಸಿಗೆ ಕೆಳಗಿನ ಪೆಟ್ಟಿಗೆಗಳ ಬಾಗಿಲನ್ನೂ ತೆರೆದಿಡಿ. ಹಗಲಿನ ಕಾವು ಹೆಚ್ಚಾಗಿ ಅಡಗಿರುವುದು ಅಲ್ಲೇ ಮತ್ತು ಹಾಸಿಗೆಯಲ್ಲಿ.

ಪ್ರಶ್ನೆ: ಎಸಿ ಬದಲು ಏರ್ ಕೂಲರ್ ಇಟ್ಟರೆ ಕರೆಂಟು ಕಡಿಮೆ ಎನ್ನುತ್ತಾರೆ. ಕೂಲರ್‌ಗೆ ಐಸ್ ಹಾಕಿದರೆ ಎಸಿಯಷ್ಟೇ ತಂಪಂತೆ?

ಉತ್ತರ: ಮೊದಲ ಮಾತು ಸತ್ಯ, ಒಣ ಹವೆಯಲ್ಲಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್ ಶಕ್ತಿ ಹೀರುತ್ತದೆ. ಗಂಟೆಗೆ ಎರಡು ಲೀಟರ್ ಆವಿಯಾಗಿಸುವ ಕೂಲರ್ ಸಣ್ಣ ಎಸಿಗೆ ಸಮೀಪದ ಕೆಲಸವನ್ನು ಬರೀ ಫ್ಯಾನು, ಪಂಪಿನ ಕರೆಂಟಿನಲ್ಲಿ ಮಾಡುತ್ತದೆ. ಹೊರಗೆ 40 ಡಿಗ್ರಿ, ತೇವಾಂಶ ಶೇಕಡ 20 ಇದ್ದರೆ ಕೂಲರ್‌ನಿಂದ ಹೊಮ್ಮುವ ಗಾಳಿ 26–27 ಡಿಗ್ರಿ ಇರುತ್ತದೆ. ಹೊರಗೆ 35 ಡಿಗ್ರಿ, ತೇವಾಂಶ ಶೇಕಡ 70 ಎಂದುಕೊಳ್ಳಿ: ನಾಲ್ಕು ಡಿಗ್ರಿ ಇಳಿದು, ಜೊತೆಗೆ ಒಳಗೆಲ್ಲ ಜಿಗುಟು. ಕರಾವಳಿಯಂಥ ಹವೆಯಲ್ಲಿ ಕೂಲರ್ ಒಯ್ಯಬೇಡಿ.

ಕೂಲರ್‌ಗೆ ಹೊರಗಿನ ಒಣ ಗಾಳಿ ಸಿಗಬೇಕು, ಒದ್ದೆಯಾದ ಗಾಳಿ ಹೊರಹೋಗಲು ಎದುರು ಕಿಟಕಿ ಅಥವಾ ಚಾವಣಿ ಕಿಂಡಿ ತೆರೆದಿರಬೇಕು. ಮುಚ್ಚಿದ ಟ್ರೇಲರ್ ನಡುವೆ ಇಟ್ಟರೆ ಅರ್ಧ ಗಂಟೆಯಲ್ಲಿ ಅದರ ಆಟ ಮುಗಿಯುತ್ತದೆ.

ಐಸಿನ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. 5 ಕಿಲೋ ಐಸ್ ಕರಗಿ ಕೋಣೆಯ ಉಷ್ಣತೆಗೆ ಬರುವಷ್ಟರಲ್ಲಿ ಹೀರುವುದು ಸುಮಾರು 0.6 ಯೂನಿಟ್, ಸಣ್ಣ ಎಸಿ ಅದನ್ನು 25 ನಿಮಿಷದಲ್ಲಿ ಮಾಡುತ್ತದೆ. ಅಷ್ಟು ಕೆಲಸ ಒಂದು ಲೀಟರ್ ನೀರು ಆವಿಯಾದರೂ ಆಗುತ್ತದೆ. ಐಸನ್ನು ಕುಡಿಯುವ ನೀರಿಗೆ ಹಾಕಿ.

ಪ್ರಶ್ನೆ: 100 ಆಂಪಿಯರ್-ಅವರ್‌ನ ಒಂದು ಲಿಥಿಯಂ ಬ್ಯಾಟರಿ, 200 ವ್ಯಾಟ್ ಸೋಲಾರ್ ಇದೆ. ರಾತ್ರಿಯಿಡೀ ಎಸಿ ಓಡುವುದೇ? ಎಷ್ಟು ದೊಡ್ಡ ಎಸಿ ಬೇಕು?

ಉತ್ತರ: ಓಡದು. ಆ ಬ್ಯಾಟರಿಯಲ್ಲಿ ಸುಮಾರು 1280 ವ್ಯಾಟ್-ಅವರ್ ಇದೆ, ಇನ್ವರ್ಟರ್ ಅದರಲ್ಲಿ ಶೇಕಡ 10–15 ತಿನ್ನುತ್ತದೆ. 5000 ಬಿಟಿಯು (ಎಸಿಯ ತಂಪು ಮಾಡುವ ಶಕ್ತಿಯ ಅಳತೆ) ಎಸಿ 450–500 ವ್ಯಾಟ್ ಎಳೆಯುತ್ತದೆ. ಸತತ ಓಡಿದರೆ ಎರಡು ಗಂಟೆ ಚಿಲ್ಲರೆ. ರಾತ್ರಿ ಕಂಪ್ರೆಸರ್ ಅರ್ಧ ಹೊತ್ತು ನಿಂತರೂ ನಾಲ್ಕೂವರೆ ಗಂಟೆ. ಮರುದಿನ 200 ವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಿದ್ದರೆ 800–1000 ವ್ಯಾಟ್-ಅವರ್ ಮರಳಿಸುತ್ತದೆ, ಅದೂ ಟ್ರೇಲರ್ ಬಿಸಿಲಲ್ಲಿ ನಿಂತಿದ್ದರೆ! ನೆರಳು ಬೇಕು, ಸೋಲಾರ್ ಬಿಸಿಲೂ ಬೇಕು ಎನ್ನುವವರು ಪ್ಯಾನಲನ್ನು ಚಾವಣಿಗೆ ಬಿಗಿಯದೆ ನೆಲದಲ್ಲಿ ಬಿಚ್ಚಿಡುವಂಥದ್ದು ತೆಗೆದುಕೊಂಡು, 6 ಚದರ ಮಿ.ಮೀ. ವೈರಿನಲ್ಲಿ ಹತ್ತು ಮೀಟರ್ ದೂರದ ಬಿಸಿಲಿನಿಂದ ತರಬಹುದು. ಸೋಲಾರ್ ಕರೆಂಟನ್ನು ಹದಮಾಡಿ ಬ್ಯಾಟರಿಗೆ ಕೊಡುವ ಚಾರ್ಜ್ ಕಂಟ್ರೋಲರ್ ಬ್ಯಾಟರಿಯ ಪಕ್ಕದಲ್ಲೇ ಇರಲಿ.

ಗಾತ್ರ: ನೆರಳು ಮಾಡಿಕೊಂಡ 4 ಮೀಟರ್ ಟ್ರೇಲರ್‌ಗೆ 5000–6000 ಬಿಟಿಯು ಸಾಕು. ದೊಡ್ಡ ಟ್ರೇಲರ್‌ಗಳ 13,500 ಬಿಟಿಯು ಚಾವಣಿ ಎಸಿ ಇಷ್ಟು ಸಣ್ಣದಕ್ಕೆ ಹಾಕಿದರೆ ಐದು ನಿಮಿಷ ಓಡಿ ನಿಲ್ಲುತ್ತದೆ. ಗಾಳಿ ತಣ್ಣಗಾಗುತ್ತದೆ, ತೇವಾಂಶ ಹಾಗೇ ಉಳಿದು ಮೈ ಅಂಟಂಟು. ಜನರೇಟರಿನಿಂದ ಓಡಿಸುವವರಿಗೆ ಕಂಪ್ರೆಸರ್ ಶುರುವಾಗುವ ಕ್ಷಣದ ಎಳೆತವೇ ಸಮಸ್ಯೆ. ಓಡುವಾಗಿನದಕ್ಕಿಂತ ಅದು ಹಲವು ಪಟ್ಟು. ಸಾಫ್ಟ್ ಸ್ಟಾರ್ಟರ್ ಕೂರಿಸಿದರೆ ಅದು ಬಹಳ ಇಳಿಯುತ್ತದೆ. ಬೆಟ್ಟದ ಮೇಲೆ ಪ್ರತಿ 300 ಮೀಟರ್ ಎತ್ತರಕ್ಕೆ ಜನರೇಟರ್ ಸುಮಾರು ಶೇಕಡ 3.5 ಶಕ್ತಿ ಕಳೆದುಕೊಳ್ಳುತ್ತದೆ ಎನ್ನುವುದೂ ನೆನಪಿರಲಿ. ಅದನ್ನು ಟ್ರೇಲರ್‌ನಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆ ಆಚೆಗೆ ಹೋಗುವಂತೆ ಇಡಿ. ಒಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಓಡಿಸಿ ಮಲಗಬೇಡಿ.

ಕ್ಯಾಂಪಿನ ಕರೆಂಟು ಕಂಬದಿಂದ ತರುವುದಾದರೆ, 230 ವೋಲ್ಟ್ ಇರುವಲ್ಲಿ 25 ಮೀಟರ್‌ವರೆಗೆ 2.5 ಚದರ ಮಿ.ಮೀ. ವೈರು. ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ. ಸುರುಳಿಯಲ್ಲೇ ಉಳಿದ ವೈರು ಕಾದು ಕರಗುತ್ತದೆ. ಸಪೂರ ವೈರಿನಲ್ಲಿ ವೋಲ್ಟೇಜ್ ಇಳಿದು ಕಂಪ್ರೆಸರ್ ಸುಟ್ಟ ಮೇಲೆ ಎಸಿಯನ್ನು ಬೈದು ಫಲವಿಲ್ಲ.

ಪ್ರಶ್ನೆ: ಚಾವಣಿ ಎಸಿಯ ಗಾಳಿ ಮೊದಲಿನಷ್ಟು ತಣ್ಣಗಿಲ್ಲ. ಗ್ಯಾಸ್ ತುಂಬಿಸಬೇಕೇ?

ಉತ್ತರ: ಮೊದಲು ಅಳೆಯಿರಿ. ಹತ್ತು ಹದಿನೈದು ನಿಮಿಷ ಓಡಿಸಿ, ಎಸಿ ಒಳಗೆಳೆಯುವ ಗಾಳಿ ಮತ್ತು ಹೊರಬಿಡುವ ಗಾಳಿಯ ಉಷ್ಣತೆ ನೋಡಿ. ವ್ಯತ್ಯಾಸ 9ರಿಂದ 12 ಡಿಗ್ರಿ ಇದ್ದರೆ ಯಂತ್ರ ಸರಿಯಿದೆ, ಕಾವು ಬೇರೆಲ್ಲಿಂದಲೋ ಬರುತ್ತಿದೆ. ಕಡಿಮೆ ಇದ್ದರೆ ಫಿಲ್ಟರ್ ತೊಳೆಯಿರಿ, ಹೊರಗಿನ ರೆಕ್ಕೆಗಳ ಧೂಳು ಹೊಡೆಯಿರಿ. ಆಮೇಲೆ ಒಳಗಿನ ಮುಚ್ಚಳ ಬಿಚ್ಚಿ ನೋಡಿ: ತಣ್ಣನೆಯ ಗಾಳಿ ಬರುವ ದಾರಿಗೂ ಬಿಸಿಗಾಳಿ ಹೋಗುವ ದಾರಿಗೂ ನಡುವಿನ ತಡಿಕೆಯಲ್ಲಿ ಸಂದು ಬಿಟ್ಟಿರುವುದು ತೀರಾ ಸಾಮಾನ್ಯ. ತಂಪು ಗಾಳಿ ಕೋಣೆಗಿಳಿಯದೆ ನೇರ ಹಿಂದಕ್ಕೆ ಹೋಗುತ್ತದೆ, ಕಾಯಿಲ್ ಮಂಜುಗಟ್ಟುತ್ತದೆ. ಅಲ್ಯುಮಿನಿಯಂ ಟೇಪಿನಿಂದ ಮುಚ್ಚಿದರೆ ಗ್ಯಾಸಿನ ಮಾತೇ ಬರುವುದಿಲ್ಲ.

ಪ್ರಶ್ನೆ: ಕಿಟಕಿಯಿಂದ ಒಂದೇ ಪೈಪು ಹೊರಗೆ ಬಿಡುವ, ಉರುಳಿಸಿಕೊಂಡು ಹೋಗುವ ಎಸಿ ಹೇಗೆ?

ಉತ್ತರ: ಬೇರೆ ದಾರಿ ಇದ್ದರೆ ಬೇಡ. ತಣ್ಣಗಾದ ಒಳಗಿನ ಗಾಳಿಯನ್ನೇ ಎಳೆದು, ಕಾಯಿಸಿ ಹೊರಗೆ ಊದುತ್ತದೆ. ಹೊರಹೋದಷ್ಟೇ ಬಿಸಿಗಾಳಿ ಬಾಗಿಲ ಸಂದು, ಕಿಂಡಿಗಳಿಂದ ಒಳಬರುತ್ತದೆ. ಎರಡು ಪೈಪಿನದು ಈ ತಪ್ಪು ಮಾಡುವುದಿಲ್ಲ. ಈಗಾಗಲೇ ಕೊಂಡಿದ್ದರೆ ಪೈಪನ್ನು ಆದಷ್ಟು ಗಿಡ್ಡ ಮಾಡಿ, ಫೋಮ್ ಹಾಳೆ ಸುತ್ತಿ.

ಪ್ರಶ್ನೆ: ಗ್ಯಾಸಿನಲ್ಲೂ ಕರೆಂಟಿನಲ್ಲೂ ಓಡುವ ಫ್ರಿಜ್ ಬೇಸಿಗೆಯಲ್ಲಿ ಹಾಲು ಕೆಡಿಸುತ್ತದೆ.

ಉತ್ತರ: ಅದು ಅಬ್ಸಾರ್ಪ್ಷನ್ ಫ್ರಿಜ್, ಅಂದರೆ ಕಂಪ್ರೆಸರ್ ಇಲ್ಲದೆ ಕಾವಿನಿಂದಲೇ ಓಡುವಂಥದ್ದು. ಬೆನ್ನ ಹಿಂದಿನ ಕೆಳಗಿನ ಕಿಂಡಿಯಿಂದ ಗಾಳಿ ಹೊಕ್ಕು, ಕಾದು, ಮೇಲಿನ ಕಿಂಡಿಯಿಂದ ಹೊರಹೋಗುವ ಸೆಳೆತದ ಮೇಲೆ ಅದರ ಜೀವ. ಆ ಬದಿ ಪಶ್ಚಿಮಕ್ಕೆ ಇರದಂತೆ ನಿಲ್ಲಿಸಿ, ಟ್ರೇಲರ್ ಮಟ್ಟವಾಗಿದೆಯೇ ನೋಡಿ. ಓರೆಯಾಗಿ ನಿಂತರೆ ಒಳಗಿನ ದ್ರವ ಸರಿಯಾಗಿ ಹರಿಯುವುದಿಲ್ಲ. ಮೇಲಿನ ರೆಕ್ಕೆಗಳ ಕೆಳಗೆ 120 ಮಿ.ಮೀ.ನ 12 ವೋಲ್ಟ್ ಕಂಪ್ಯೂಟರ್ ಫ್ಯಾನ್ ಮೇಲ್ಮುಖವಾಗಿ ಕೂರಿಸಿ. ಕಾಲು ಆಂಪಿಯರ್ ಸಾಕು, 40 ಡಿಗ್ರಿಗೆ ಶುರುವಾಗುವ ಥರ್ಮೋಸ್ಟಾಟ್ ಜೋಡಿಸಿದರೆ ತಾನೇ ನೋಡಿಕೊಳ್ಳುತ್ತದೆ. ಹೊರಡುವ ಹಿಂದಿನ ರಾತ್ರಿಯೇ ಫ್ರಿಜ್ ಹಾಕಿ, ತಣ್ಣಗಾದ ಸಾಮಾನನ್ನೇ ತುಂಬಿ, ಮೂರನೇ ಒಂದು ಭಾಗ ಖಾಲಿ ಬಿಡಿ.

ಪ್ರಶ್ನೆ: ನಾಯಿಯನ್ನು ಫ್ಯಾನ್ ಹಾಕಿ ಒಳಗೆ ಬಿಟ್ಟು ಒಂದು ಗಂಟೆ ಹೋಗಿಬರಬಹುದೇ?

ಉತ್ತರ: ಬೇಡ. ಫ್ಯೂಸ್ ಹೋದರೆ, ಬ್ಯಾಟರಿ ಇಳಿದರೆ ಫ್ಯಾನ್ ನಿಂತದ್ದು ನಿಮಗೆ ತಿಳಿಯುವುದಿಲ್ಲ. ಬಿಸಿಲಲ್ಲಿ ಮುಚ್ಚಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ, ಅರ್ಧ ಗಂಟೆಯಲ್ಲಿ 19 ಡಿಗ್ರಿ ಏರುತ್ತದೆ. ಸಣ್ಣ ಟ್ರೇಲರ್ ಅಷ್ಟು ವೇಗವಾಗಿ ಕಾಯದಿದ್ದರೂ ಜೂಜಿಗೆ ಯೋಗ್ಯವಲ್ಲ. ಮಕ್ಕಳಿಗೂ ಹಿರಿಯರಿಗೂ ಇದೇ ಮಾತು. ಗಾಳಿಯೇ 40 ಡಿಗ್ರಿ ದಾಟಿದ ದಿನ ಒಣ ಮೈಗೆ ಫ್ಯಾನ್ ಹಿಡಿದರೆ ಮೈ ಇನ್ನಷ್ಟು ಕಾಯುತ್ತದೆ. ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು ಆಮೇಲೆ ಗಾಳಿಗೆ ಕೂರಬೇಕು.

ಪ್ರಶ್ನೆ: ಅಡುಗೆಯಿಂದಲೂ ಒಳಗೆ ಧಗೆ. ಎಸಿಯ ತಂಪು ಸೋರದಿರಲೆಂದು ನೆಲದ ಹತ್ತಿರದ ಜಾಲರಿ ಕಿಂಡಿಗಳಿಗೆ ಟೇಪ್ ಹಚ್ಚಿದ್ದೇವೆ, ಸರಿಯೇ?

ಉತ್ತರ: ಟೇಪನ್ನು ಇವತ್ತೇ ಕಿತ್ತುಹಾಕಿ. ಸೋರಿದ ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕಿಳಿದು ಹೊರಹೋಗಲು ಇರುವ ದಾರಿ ಅದು. ಅಡುಗೆಯ ಧಗೆ ನಿಜ: ಒಂದು ಒಲೆ ಒಂದೂವರೆ ಎರಡು ಕಿಲೋವ್ಯಾಟ್, ಇಬ್ಬರು ಕೂತರೆ ಸೇರುವ ಇನ್ನೂರು ವ್ಯಾಟ್ ಅದರ ಮುಂದೆ ಲೆಕ್ಕಕ್ಕಿಲ್ಲ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ, ಅದನ್ನೆಲ್ಲ ಎಸಿ ಹಿಂಡಿ ಹೊರಹಾಕಬೇಕು. ಒಲೆಯನ್ನು ಹೊರಗೆ ಒಯ್ದು ತೆರೆದ ಗಾಳಿಯಲ್ಲಿ ಹಚ್ಚಿ. ಆ ಜಾಲರಿಗಳನ್ನಂತೂ ಆಗಾಗ ಬ್ರಷ್ಷಿನಿಂದ ಉಜ್ಜುತ್ತಿರಿ. ಟೇಪ್ ಹಚ್ಚದಿದ್ದರೂ ಜೇಡ, ಕಣಜ ಅಲ್ಲಿ ಗೂಡು ಕಟ್ಟಿ ಮುಚ್ಚಿಬಿಟ್ಟಿರುತ್ತವೆ.